ಕೈ ಎಟುಕದ ಜಾಗದ ಹೋಸ್ ಪೈಪುಗಳು

ಏಪ್ರಿಲ್‌ನ ಒಂದು ಭಾನುವಾರ ಜರ್ಮನಿಯ ಹೈಲ್‌ಬ್ರಾನ್‌ನಿಂದ ನೆಕ್ಕಾರ್ ನದಿಯ ದಂಡೆ ಹಿಡಿದು ಲುಡ್ವಿಗ್ಸ್‌ಬುರ್ಗ್‌ನ ಮನೆಗೆ ಮರಳುತ್ತಿದ್ದೆ. ಗುಡ್ಡಗಳ ಮೇಲಿನ ದ್ರಾಕ್ಷಿ ಬಳ್ಳಿಗಳು ಇನ್ನೂ ಬೋಳಾಗಿದ್ದವು. ಚಳಿ ಬಿಟ್ಟಿರಲಿಲ್ಲ, ಹೀಟರ್ ಹಾಕಿಕೊಂಡಿದ್ದೆ. ಬೆಸಿಗ್‌ಹೈಮ್ ದಾಟುವಾಗ ಗಾಳಿಯ ಜೊತೆ ಬೆಲ್ಲದ ಪಾಕದಂಥ ವಾಸನೆ ಒಳಗೆ ಬಂತು. ಒಲೆಯ ಮೇಲಿನ ಪಾಕ ಉಕ್ಕಿ ಬರ್ನರ್ ಮೇಲೆ ಬಿದ್ದಾಗ ಬರುತ್ತದಲ್ಲ, ಆ ಥರ. ಎರಡು ನಿಮಿಷಕ್ಕೆ ಮಾಯವಾಯಿತು. ಮನೆಗೆ ಬಂದು ಬಾನೆಟ್ ಎತ್ತಿ ನೋಡಿದರೆ ಎಲ್ಲವೂ ಒಣಗಿತ್ತು. ನೆಲದ ಮೇಲೆ ಒಂದು ಹನಿಯೂ ಇಲ್ಲ. ಟೆಂಪರೇಚರ್ ಮುಳ್ಳು ಎಂದಿನ ಜಾಗದಲ್ಲೇ ನಿಂತಿತ್ತು.

ನಾನು ಗ್ಯಾರೇಜಿನಲ್ಲೇ ಬೆಳೆದವಳು. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಅಪ್ಪಾಜಿಯ ಲಾರಿ ಗ್ಯಾರೇಜ್ ಇತ್ತು. ಆದರೂ ಈ ವಾಸನೆ ನನಗೆ ಬಾಲ್ಯದಿಂದ ಬಂದದ್ದಲ್ಲ. ಆಗ ನಮ್ಮಲ್ಲಿಗೆ ಬರುತ್ತಿದ್ದ ಲಾರಿಗಳ ರೇಡಿಯೇಟರ್‌ಗೆ ಹಾಕುತ್ತಿದ್ದದ್ದು ಬರೀ ಕೊಳಾಯಿ ನೀರು. ಚಳಿಗೆ ನೀರು ಗಟ್ಟಿಯಾಗುವ ಭಯವಿಲ್ಲದ ಊರು ಅದು. ಇಲ್ಲಿ ಇಂಜಿನ್ ತಣಿಸುವ ನೀರಿಗೆ ಎಥಿಲೀನ್ ಗ್ಲೈಕಾಲ್ ಬೆರೆಸಲೇಬೇಕು, ಆ ಬೆರಕೆಯೇ ಕೂಲಂಟ್. ಅರ್ಧಕ್ಕೆ ಅರ್ಧ ಬೆರೆಸಿದರೆ ಮೈನಸ್ 37 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ಆ ಗ್ಲೈಕಾಲ್‌ದೇ ಈ ಸಿಹಿ ವಾಸನೆ. ರುಚಿಯೂ ಸಿಹಿಯಂತೆ. ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕಿ ಬೆಕ್ಕು ನಾಯಿಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ಓಡಾಡುವ ಎರಡು ಬೆಕ್ಕುಗಳು ನೆನಪಾಗಿ ಆ ರಾತ್ರಿಯೇ ಕಾರಿನಡಿ ಒಂದು ಹಳೆಯ ಟ್ರೇ ಇಟ್ಟೆ.

ಕೂಲಂಟ್ ಡಬ್ಬದ ಮೇಲೆ ಮಟ್ಟದ ಗುರುತಿಗೆ ಟೇಪ್ ಅಂಟಿಸಿದೆ. ಎರಡು ವಾರಕ್ಕೆ ಒಂದು ಬೆರಳಿನಷ್ಟು ಇಳಿಯಿತು. ಟ್ರೇ ಮಾತ್ರ ಒಣಗಿಯೇ ಇತ್ತು.

ಕಾರಿನ ಬಗ್ಗೆ ಹೇಳಿಬಿಡುತ್ತೇನೆ. 1987ರ ಪೋರ್ಷೆ 944. ಟರ್ಬೊ ಇಲ್ಲದ್ದು, 2.5 ಲೀಟರ್, ನಾಲ್ಕು ಸಿಲಿಂಡರ್. ಇದು ತಯಾರಾದದ್ದು ನೆಕ್ಕಾರ್‌ಸುಲ್ಮ್‌ನ ಆಡಿ ಕಾರ್ಖಾನೆಯಲ್ಲಿ, ನಮ್ಮ ಮನೆಯಿಂದ ಒಂದು ಗಂಟೆಯೊಳಗಿನ ದಾರಿ. ಹುಟ್ಟಿದ ಊರಿನ ಸುತ್ತಲೇ ಇದು ಇನ್ನೂ ಓಡುತ್ತಿದೆ ಅನ್ನುವುದು ನನಗೆ ದೊಡ್ಡ ಸಂತೋಷ. ಬಣ್ಣ ಕೆಂಪು. ಇಂಗ್ಲಿಷ್‌ನಲ್ಲಿ ಇದಕ್ಕೆ ಗಾರ್ಡ್ಸ್ ರೆಡ್ ಅನ್ನುತ್ತಾರೆ, ಜರ್ಮನ್ನರು ಇಟ್ಟ ಹೆಸರು ಇಂಡಿಶ್‌ರೋಟ್, ಅಂದರೆ ಭಾರತದ ಕೆಂಪು. ಮಾರುವವರ ಕಾಗದದಲ್ಲಿ ಆ ಪದ ಓದಿದ ದಿನವೇ ಮನಸ್ಸು ಮಾಡಿಬಿಟ್ಟಿದ್ದೆ. 30 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಗಾಡಿಗೆ ಇಲ್ಲಿ ನಂಬರ್ ಪ್ಲೇಟಿನ ಕೊನೆಗೆ ಎಚ್ ಅಕ್ಷರ ಕೊಡುತ್ತಾರೆ, ವರ್ಷದ ತೆರಿಗೆ 191.73 ಯೂರೋ. ನನ್ನ ಕಾರಿಗೂ ಆ ಅಕ್ಷರವಿದೆ. ಅದನ್ನು ಕಾಪಾಡಿಕೊಳ್ಳುವುದು ನನ್ನ ಜವಾಬ್ದಾರಿ ಅಂತಲೇ ಅಂದುಕೊಂಡಿದ್ದೇನೆ.

ಸೋರಿಕೆಯ ಮೂಲ ಹುಡುಕಲು ಪ್ರೆಶರ್ ಟೆಸ್ಟರ್ ತಂದೆ. ಸೈಕಲ್ ಪಂಪಿನಂಥ ಕೈಪಂಪು, ಅದಕ್ಕೊಂದು ಮೀಟರ್. ಇಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಡಬ್ಬದ ಮುಚ್ಚಳ ತೆಗೆದು ಇದನ್ನು ಕೂರಿಸಿ ಗಾಳಿ ತುಂಬಿದರೆ, ಗಾಡಿ ಬಿಸಿಯಾಗಿ ಓಡುವಾಗ ಒಳಗೆ ಎಷ್ಟು ಒತ್ತಡ ಇರುತ್ತದೋ ಅಷ್ಟನ್ನೇ ನಿಂತಲ್ಲಿ ಹುಟ್ಟಿಸಬಹುದು. ಒಂದು ಬಾರ್‌ಗೆ ಏರಿಸಿ ನಿಂತೆ. ಮುಳ್ಳು ಕಣ್ಣೆದುರೇ ನಿಧಾನಕ್ಕೆ ಇಳಿಯಿತು. ಟಾರ್ಚು ಹಿಡಿದು ಮುಂದೆ ನೋಡಿದೆ, ಪಕ್ಕದಲ್ಲಿ ನೋಡಿದೆ, ಏನೂ ಇಲ್ಲ. ಕೊನೆಗೆ ಫೋನಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾವನ್ನು ಇಂಜಿನ್ನಿನ ಹಿಂದೆ ಇಳಿಬಿಟ್ಟಾಗ ಕಂಡಿತು: ಇಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್‌ನ ಹಿಂಬದಿ, ಕ್ಯಾಬಿನ್ ಗೋಡೆಗೆ ಅಂಟಿದಂತಿರುವ ಜಾಗದಲ್ಲಿ, ಹೀಟರಿಗೆ ಬಿಸಿ ನೀರು ಬಿಡುವ ಹೀಟರ್ ವಾಲ್ವಿನ ಪ್ಲಾಸ್ಟಿಕ್ ಬೆಸುಗೆಯಲ್ಲಿ ಒಂದು ಹನಿ ದಪ್ಪಗಾಗುತ್ತಿತ್ತು. ಪಕ್ಕದ ರಬ್ಬರ್ ಪೈಪಿನ ಬಾಯಲ್ಲಿ ಬಿಳಿ-ನೀಲಿ ಉಪ್ಪಿನಂಥ ಪುಡಿ ಕಟ್ಟಿತ್ತು. ನೆಲಕ್ಕೆ ಹನಿ ಬೀಳದಿದ್ದದ್ದು ಏಕೆಂದೂ ಗೊತ್ತಾಯಿತು. ಸೋರಿದ್ದೆಲ್ಲ ಬಿಸಿ ಲೋಹದ ಮೇಲೆ ಹರಿದು ಅಲ್ಲೇ ಆವಿಯಾಗುತ್ತಿತ್ತು. ಒಳಗಿನ ಗಾಳಿ ಎಳೆದುಕೊಳ್ಳುವ ಕಿಂಡಿ ಅದರ ನೆತ್ತಿಯ ಮೇಲೆ, ವಿಂಡ್‌ಶೀಲ್ಡಿನ ಬುಡದಲ್ಲಿದೆ. ಪಾಕದ ವಾಸನೆ ನೇರ ನನ್ನ ಮೂಗಿಗೆ ಬಂದದ್ದು ಹಾಗೆ.

ಅಪ್ಪಾಜಿಗೆ ವಿಡಿಯೋ ಕಾಲ್ ಮಾಡಿ ಆ ಹನಿ ತೋರಿಸಿದೆ. ಅವರಿಗೀಗ 71. ಗ್ಯಾರೇಜ್ ಮುಚ್ಚಿ ಆರು ವರ್ಷವಾಯಿತು, ಕಣ್ಣು ಮಾತ್ರ ಇನ್ನೂ ಗ್ಯಾರೇಜಿನದೇ.

"ಎಷ್ಟು ವರ್ಷದ್ದವ್ವಾ ಆ ಪೈಪು?"

"ಗಾಡಿ ವಯಸ್ಸೇ ಇರಬೇಕು ಅಪ್ಪಾಜಿ. ಯಾರೂ ಬದಲಿಸಿದ ಲೆಕ್ಕ ಇಲ್ಲ."

"ಹಂಗಾರೆ ಒಂದು ಹೋತು ಅಂತ ಒಂದೇ ಹಾಕ್ಬ್ಯಾಡ. ಉಳಿದವೂ ಅದರ ಜೊತಿಗೇ ಹುಟ್ಟಿದವು. ಅಲ್ಲಿ ತನಕ ಕೈ ಹೋಗೋದೇ ಕೆಲಸ. ಒಂದ್ಸಲ ಹೋದ ಮ್ಯಾಲೆ ಅಲ್ಲಿ ಏನೇನೈತೋ ಎಲ್ಲಾ ಬದಲಿ ಮಾಡಿ ಬಾ."

ಈ ಕೆಲಸದ ನಿಜವಾದ ಕಷ್ಟ ಅವರು ಹೇಳಿದ್ದೇ. 944ರ ಇಂಜಿನ್ನು ನೆಟ್ಟಗೆ ನಿಂತಿಲ್ಲ. ಬಾನೆಟ್ ತಗ್ಗಾಗಿರಲಿ ಅಂತ ಅದನ್ನು 30 ಡಿಗ್ರಿ ಬಲಕ್ಕೆ ವಾಲಿಸಿ ಕೂರಿಸಿದ್ದಾರೆ. ವಾಲಿದ್ದರಿಂದ ಎಡಬದಿಯಲ್ಲಿ ಉಳಿದ ಜಾಗವನ್ನೆಲ್ಲ ಇಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ತುಂಬಿಕೊಂಡಿದೆ, ತೋಳಿನಷ್ಟು ದಪ್ಪದ ನಾಲ್ಕು ಅಲ್ಯೂಮಿನಿಯಂ ಕೊಳವೆಗಳು ಬಾಗಿ ಇಳಿದ ಹಾಗೆ. ಆ ತೋಳುಗಳ ಅಡಿಯಲ್ಲಿ ಸ್ಟಾರ್ಟರ್ ಮೋಟಾರ್, ಐಡಲ್ ವಾಲ್ವ್, ಎಣ್ಣೆಯಿಂದ ಗಾಳಿ ಬೇರ್ಪಡಿಸುವ ಡಬ್ಬ, ವ್ಯಾಕ್ಯೂಮ್ ಕೊಳವೆಗಳು, ಜೊತೆಗೆ ಹೀಟರ್‌ನಿಂದ ವಾಟರ್ ಪಂಪಿಗೆ ಮರಳುವ ಉದ್ದನೆಯ ಕೂಲಂಟ್ ಪೈಪು. ಹಿಂದೆ ಕ್ಯಾಬಿನ್ ಗೋಡೆ, ಪಕ್ಕದಲ್ಲಿ ಬ್ರೇಕ್ ಬೂಸ್ಟರ್. ಮೇಲಿಂದ ಕೈ ಹಾಕಿದರೆ ಮೊಣಕೈ ತನಕ ಹೋಗಿ ನಿಲ್ಲುತ್ತದೆ. ಬೆರಳ ತುದಿಗೆ ಪೈಪು ತಾಕುತ್ತದೆ, ಕ್ಲಿಪ್ಪಿನ ಸ್ಕ್ರೂ ಸಿಗುವುದಿಲ್ಲ. ಆ ಕ್ಲಿಪ್ಪುಗಳನ್ನು ಇಂಜಿನ್ ಕಾರಿನೊಳಗೆ ಬರುವ ಮೊದಲೇ ಬಿಗಿದಿರಬೇಕು, ಸ್ಕ್ರೂಗಳ ಮುಖವೆಲ್ಲ ಗೋಡೆಯ ಕಡೆಗಿತ್ತು.

ಬದಲಿಸಬೇಕಾದವು ಒಟ್ಟು ನಾಲ್ಕು. ಹೆಡ್‌ನ ಹಿಂಬದಿಯಿಂದ ಹೀಟರ್ ವಾಲ್ವಿಗೆ ಒಂದು ಗಿಡ್ಡ ಪೈಪು, ವಾಲ್ವಿನಿಂದ ಕ್ಯಾಬಿನ್ ಗಾಳಿ ಕಾಯಿಸುವ ಹೀಟರ್ ಕೋರ್‌ಗೆ ಇನ್ನೊಂದು, ಕೋರ್‌ನಿಂದ ಹೊರಟು ಮ್ಯಾನಿಫೋಲ್ಡಿನ ಅಡಿಯಲ್ಲಿ ಸಾಗುವ ಉದ್ದದ ದಾರಿಗೆ ಎರಡು ತುಂಡು. ಜೊತೆಗೆ ವಾಲ್ವ್. ಪೈಪು, ವಾಲ್ವ್, ಕ್ಲಿಪ್ಪು, ಪ್ಯಾಕಿಂಗು, ಓ-ರಿಂಗು ಎಲ್ಲ ಸೇರಿ 200 ಯೂರೋ ಒಳಗೆ ಬಂತು. ಬಾಗಿದ ಪೈಪುಗಳನ್ನು ಅದೇ ಬಾಗಿನ ಅಚ್ಚಿನವನ್ನೇ ತರಿಸಿದೆ. ನೇರ ಪೈಪನ್ನು ಬಗ್ಗಿಸಿ ಹಾಕಿದರೆ ಮೂಲೆಯಲ್ಲಿ ಮಡಿಕೆ ಬೀಳುತ್ತದೆ, ಮಡಿಕೆಯಲ್ಲಿ ನೀರಿನ ದಾರಿ ಕಟ್ಟುತ್ತದೆ, ಮುಂದೆ ರಬ್ಬರ್ ಬಿರಿಯುವುದೂ ಅಲ್ಲೇ.

ಬಾಡಿಗೆ ಮನೆಯ ನೆಲಮಾಳಿಗೆ ಪಾರ್ಕಿಂಗಿನಲ್ಲಿ ಇಂಥ ರಿಪೇರಿಗೆ ಅನುಮತಿಯಿಲ್ಲ. ಇದಕ್ಕೆಂದೇ ಇಲ್ಲಿ ಮೀಟ್‌ವೆರ್ಕ್‌ಷ್ಟಾಟ್ ಎಂಬ ಒಳ್ಳೆಯ ಏರ್ಪಾಡಿದೆ. ಗ್ಯಾರೇಜಿನ ಒಂದು ಜಾಗ, ಲಿಫ್ಟ್, ಬೆಳಕು, ಹಳೆ ಎಣ್ಣೆ ಹಾಕುವ ಪೀಪಾಯಿ ಎಲ್ಲವೂ ಗಂಟೆಯ ಲೆಕ್ಕಕ್ಕೆ ಬಾಡಿಗೆಗೆ ಸಿಗುತ್ತವೆ, ಕೆಲಸ ನಾವೇ ಮಾಡಿಕೊಳ್ಳಬೇಕು. ಸೆಪ್ಟೆಂಬರ್‌ನ ಒಂದು ಶನಿವಾರ ಬೆಳಗ್ಗೆ ಕಾರು ಅಲ್ಲಿಗೆ ಒಯ್ದೆ. ಮಾಲೀಕರು ವಯಸ್ಸಾದವರು, ಶ್ವಾಬಿಷ್ ಸೊಗಡಿನಲ್ಲಿ ಮಾತಾಡುವವರು. ಏನು ಕೆಲಸ ಅಂತ ಕೇಳಿ, ನನ್ನ ಕೈ ನೋಡಿ, "ಕೈ ಸಣ್ಣದಿದೆ, ಒಳ್ಳೆಯದಾಯಿತು. ಕಾರು ಒಂದು ವಾರ ಇಲ್ಲೇ ಹಿಂದಿನ ಶೆಡ್ಡಿನಲ್ಲಿ ಇರಲಿ, ಗಡಿಯಾರ ನೋಡಿಕೊಂಡು ಬಿಚ್ಚಬೇಡಿ" ಅಂದರು. ಆ ಮಾತು ನನ್ನ ಅರ್ಧ ಆತಂಕ ಇಳಿಸಿತು.

ಬ್ಯಾಟರಿಯ ನೆಗೆಟಿವ್ ಕಳಚಿ, ರೇಡಿಯೇಟರ್ ತಳದ ಬಿರಡೆ ತೆಗೆದು ಕೂಲಂಟ್ ಇಳಿಸಿದೆ. ಈ ಗಾಡಿಗೆ ಹಿಡಿಯುವುದು ಸುಮಾರು 8 ಲೀಟರ್. ಇಳಿದದ್ದು ಆರರಷ್ಟು, ಉಳಿದದ್ದು ಬ್ಲಾಕಿನೊಳಗೆ. ಬಣ್ಣ ಕಂದಿ ಚಹಾದ ನೀರಿನಂತಾಗಿತ್ತು. ಕೂಲಂಟ್ ಹಳತಾದಂತೆ ಅದರೊಳಗಿನ ತುಕ್ಕು ತಡೆಯುವ ಅಂಶ ಸವೆದುಹೋಗುತ್ತದೆ. ಈ ಇಂಜಿನ್ನಿನ ಬ್ಲಾಕೂ ಹೆಡ್ಡೂ ಎರಡೂ ಅಲ್ಯೂಮಿನಿಯಂ, ಸಿಲಿಂಡರಿಗೆ ಕಬ್ಬಿಣದ ಲೈನರ್ ಕೂಡ ಇಲ್ಲ. ಪೈಪು ನೋಡಲು ಚೆನ್ನಾಗಿದ್ದರೂ ಕೂಲಂಟನ್ನು ಕಾಲಕಾಲಕ್ಕೆ ಬದಲಿಸಲೇಬೇಕು.

ಅನಂತರ ಬಿಚ್ಚುವ ಕೆಲಸ. ಏರ್ ಫಿಲ್ಟರ್ ಡಬ್ಬ, ಗಾಳಿ ಅಳೆಯುವ ಮೀಟರ್, ಅದರಿಂದ ಥ್ರಾಟಲ್‌ಗೆ ಹೋಗುವ ದಪ್ಪ ರಬ್ಬರ್ ಬೂಟು, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಕೊಳವೆ. ಪ್ರತಿಯೊಂದಕ್ಕೂ ಫೋಟೋ ತೆಗೆದು, ಕಳಚಿದ ಎರಡೂ ತುದಿಗೆ ಪೇಪರ್ ಟೇಪ್ ಸುತ್ತಿ ಒಂದೇ ಸಂಖ್ಯೆ ಬರೆದೆ. ಕೈ ತಾನಾಗಿ ೧, ೨, ೩ ಅಂತ ಕನ್ನಡದ ಅಂಕಿಗಳನ್ನೇ ಬರೆಯಿತು. ಅಪ್ಪಾಜಿಯ ಗ್ಯಾರೇಜಿನಲ್ಲಿ ಚಾಕ್‌ಪೀಸಿನಿಂದ ಬೇರಿಂಗ್ ಕ್ಯಾಪುಗಳ ಮೇಲೆ ನಂಬರ್ ಹಾಕುತ್ತಿದ್ದ ಅಭ್ಯಾಸ. ಮಧ್ಯಾಹ್ನ ಕಾಫಿ ತಂದುಕೊಟ್ಟ ಮಾಲೀಕರು ೭ರ ಮೇಲೆ ಬೆರಳಿಟ್ಟು ಇದು ಏನು ಅಂತ ಕೇಳಿದರು. ಒಂದರಿಂದ ಹದಿನಾಲ್ಕರವರೆಗೂ ಓದಿ ಹೇಳಿದೆ. ಅವರು ಆರರವರೆಗೆ ನನ್ನ ಜೊತೆ ಹೇಳಿದರು.

ಸಿಲಿಂಡರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ, ಅಂದರೆ ಪೆಟ್ರೋಲ್ ರೈಲ್ ಬಿಚ್ಚುವಾಗ ಮಾತ್ರ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಇಂಜಿನ್ ನಿಂತು ಹೊತ್ತಾದರೂ ಅದರಲ್ಲಿ ಒತ್ತಡ ಉಳಿದಿರುತ್ತದೆ. ನಟ್ಟಿಗೆ ಬಟ್ಟೆ ಸುತ್ತಿ, ಒಂದು ಪಾನಾ ಫಿಟ್ಟಿಂಗ್ ಹಿಡಿಯಲು, ಇನ್ನೊಂದು ತಿರುಗಿಸಲು. ಒಂದೇ ಪಾನಾ ಹಾಕಿ ಎಳೆದರೆ ಉಕ್ಕಿನ ಕೊಳವೆಯೇ ತಿರುಚಿಕೊಂಡುಬಿಡುತ್ತದೆ. ಬೆಂಕಿ ನಂದಿಸುವ ಸಿಲಿಂಡರ್ ಕಾಲ ಬಳಿಯೇ ಇತ್ತು. ಹಳೆಯ 944ಗಳಲ್ಲಿ ಪೆಟ್ರೋಲಿನ ರಬ್ಬರ್ ಪೈಪು ಬಿರಿದು ಬಿಸಿ ಇಂಜಿನ್ನಿನ ಮೇಲೆ ಸೋರುವುದು ಎಲ್ಲರಿಗೂ ಗೊತ್ತಿರುವ ಅಪಾಯ. ಹೇಗೂ ಬಿಚ್ಚಿದ್ದೇನೆ ಅಂತ ಆ ಪೈಪುಗಳನ್ನೂ ಹೊಸದು ಹಾಕಿದೆ.

ಮ್ಯಾನಿಫೋಲ್ಡಿನ ಅಲೆನ್ ಬೋಲ್ಟುಗಳಲ್ಲಿ ಮೇಲಿನವು ಸುಲಭಕ್ಕೆ ಬಂದವು. ಕೆಳಗಿನವು ಕೊಳವೆಗಳ ಸಂದಿನಲ್ಲಿ ಅಡಗಿವೆ. ಉದ್ದದ ಎಕ್ಸ್‌ಟೆನ್ಷನ್ನಿಗೆ ದುಂಡು ತುದಿಯ ಅಲೆನ್ ಬಿಟ್ ಹಾಕಿ ಓರೆಯಾಗಿ ತೂರಿಸಬೇಕು. ಒಂದು ಬೋಲ್ಟಿನ ತಲೆಯ ಕುಳಿಯೊಳಗೆ ವರ್ಷಗಳ ಎಣ್ಣೆ ಮಣ್ಣು ಗಟ್ಟಿಯಾಗಿ ಕೂತಿತ್ತು. ಅದನ್ನು ಸೂಜಿಯಿಂದ ಕೆದಕಿ ತೆಗೆದು, ಬಿಟ್ಟನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ತಳಕ್ಕೆ ಕೂರಿಸಿದ ಮೇಲೆಯೇ ತಿರುಗಿಸಿದ್ದು. ಬಿಟ್ ಪೂರ್ತಿ ಕೂರುವ ಮೊದಲು ಬಲ ಹಾಕಿದರೆ ಕುಳಿ ದುಂಡಗಾಗುತ್ತದೆ, ಆಮೇಲೆ ಡ್ರಿಲ್ ಹಾಕಿಯೇ ತೆಗೆಯಬೇಕು. ಎಣ್ಣೆ ಅಳೆಯುವ ಕಡ್ಡಿಯ ಕೊಳವೆಯನ್ನೂ ಬಿಡಿಸಿ ಮ್ಯಾನಿಫೋಲ್ಡನ್ನು ಎರಡೂ ಕೈಯಲ್ಲಿ ಎತ್ತಿದಾಗ ಮಧ್ಯಾಹ್ನ ಮೂರೂವರೆ. ತಕ್ಷಣ ಹೆಡ್‌ನ ನಾಲ್ಕು ಬಾಯಿಗೂ ಶುಭ್ರ ಬಟ್ಟೆ ತುರುಕಿದೆ. ಒಂದು ವಾಷರ್ ಒಳಗೆ ಬಿದ್ದರೂ ಹೆಡ್ ಬಿಚ್ಚಬೇಕಾದೀತು.

ಮ್ಯಾನಿಫೋಲ್ಡ್ ಇಲ್ಲದ ಇಂಜಿನ್ನನ್ನು ನಾನು ಮೊದಲ ಸಲ ನೋಡಿದ್ದು ಆಗ. ಫೋಟೋದಲ್ಲಿ ನೋಡಿದ್ದಕ್ಕೂ ಎದುರಿಗಿದ್ದಕ್ಕೂ ಬಹಳ ವ್ಯತ್ಯಾಸ. ಎಣ್ಣೆ ಬೇರ್ಪಡಿಸುವ ಡಬ್ಬದ ಬುಡದ ಓ-ರಿಂಗುಗಳು ಕಲ್ಲಾಗಿ, ಅಲ್ಲಿಂದ ಎಣ್ಣೆ ಜಿನುಗಿ ಕೆಳಗಿನ ಉದ್ದ ಕೂಲಂಟ್ ಪೈಪಿನ ಮೇಲೆ ವರ್ಷಗಟ್ಟಲೆ ಹರಿದಿತ್ತು. ಕೂಲಂಟ್ ಪೈಪುಗಳ ರಬ್ಬರ್ ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರ್. ಶಾಖವನ್ನೂ ಗ್ಲೈಕಾಲನ್ನೂ ಚೆನ್ನಾಗಿ ತಡೆಯುತ್ತದೆ, ಎಣ್ಣೆಯನ್ನು ತಡೆಯುವುದಿಲ್ಲ. ಎಣ್ಣೆ ಕುಡಿದ ಭಾಗ ಉಬ್ಬಿ, ಹೆಚ್ಚು ಹಣ್ಣಾದ ಬಾಳೆಹಣ್ಣಿನಂತೆ ಬೆರಳಿಗೆ ಮೆತ್ತಗಾಗಿತ್ತು. ಸೋರುತ್ತಿದ್ದದ್ದು ಹಿಂದಿನ ವಾಲ್ವಿನ ಬಳಿ, ಇನ್ನೇನು ಒಡೆಯುವುದರಲ್ಲಿದ್ದದ್ದು ಈ ಪೈಪು. ಇದು ಹೆದ್ದಾರಿಯಲ್ಲಿ ಒಡೆದಿದ್ದರೆ ಕೂಲಂಟೆಲ್ಲ ಕ್ಷಣದಲ್ಲಿ ಖಾಲಿ. ಅಲ್ಯೂಮಿನಿಯಂ ಹೆಡ್ ಕಾದರೆ ಸೊಟ್ಟಗಾಗಲು ಹೊತ್ತು ಬೇಡ. ಆ ಮೆತ್ತನೆಯ ಜಾಗವನ್ನು ಒತ್ತಿ ನೋಡುತ್ತಾ ಸುಮಾರು ಹೊತ್ತು ಹಾಗೇ ನಿಂತಿದ್ದೆ.

ಹಳೆಯ ಪೈಪು ತೆಗೆಯುವಾಗ ಎಳೆಯಬಾರದು, ತಿರುಚಲೂಬಾರದು. ಅದರಲ್ಲೂ ಹೀಟರ್ ಕೋರಿನ ಕಡೆ. ಕೋರಿನ ಮೂತಿ ತೆಳುವಾದದ್ದು, ಅದು ಮುರಿದರೆ ಡ್ಯಾಶ್‌ಬೋರ್ಡ್ ಕೆಳಗಿನದ್ದೆಲ್ಲ ಬಿಚ್ಚುವ ಇನ್ನೊಂದು ದೊಡ್ಡ ಕೆಲಸ ಹುಟ್ಟುತ್ತದೆ. ಕ್ಲಿಪ್ ಸಡಿಲಿಸಿ, ಪೈಪಿನ ಬಾಯಿಂದ ಉದ್ದಕ್ಕೆ ಚಾಕುವಿನಿಂದ ಸೀಳಿ, ಹಲಸಿನ ತೊಳೆ ಬಿಡಿಸಿದ ಹಾಗೆ ಬಿಡಿಸಿ ತೆಗೆದೆ. ಚಾಕು ಲೋಹಕ್ಕೆ ತಾಗುವಷ್ಟು ಒತ್ತಲಿಲ್ಲ, ಮೂತಿಯ ಮೇಲೆ ಒಂದು ಗೀರು ಬಿದ್ದರೂ ನೀರಿಗೆ ಅದೇ ದಾರಿ. ಗೋಡೆಯ ಕಡೆ ಮುಖ ಮಾಡಿದ್ದ ಕ್ಲಿಪ್ಪುಗಳಿಗೆ ಬಳುಕುವ ಕಡ್ಡಿಯ ಸ್ಕ್ರೂ ಡ್ರೈವರ್ ಬೇಕಾಯಿತು. ಫೆಂಡರಿನ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಬೋರಲಾಗಿ ಮಲಗಿ, ಎಡಗೈಯನ್ನು ಹೆಡ್‌ನ ಹಿಂದೆ ತೂರಿಸಿದರೆ ಮುಖ ಬ್ರೇಕ್ ಬೂಸ್ಟರಿಗೆ ಅಂಟುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಬೆರಳೇ ನೋಡಬೇಕು. ಕೊನೆಯ ಕ್ಲಿಪ್ ಒಂದಕ್ಕೇ 50 ನಿಮಿಷ ಹಿಡಿಯಿತು. ಅದು ಸಡಿಲಾದ ಕ್ಷಣ ಬೆರಳ ಕೆಳಗೆ ಆದ ಸಣ್ಣ ಜಾರಿಕೆ ಈಗಲೂ ನೆನಪಿದೆ.

ಸೀಳಿದ ಪೈಪುಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು ಅಪ್ಪಾಜಿಗೆ ತೋರಿಸಿದೆ. ಹೊರಮೈ ಕಪ್ಪಗೆ, ನಯವಾಗಿ, ಇನ್ನೂ ಹತ್ತು ವರ್ಷ ಬರುವಂತಿತ್ತು. ಒಳಮೈಯಲ್ಲಿ, ಕ್ಲಿಪ್ ಕೂರುವ ಜಾಗದಿಂದ ಎರಡು ಬೆರಳಿನ ಒಳಗೆ, ಉದ್ದುದ್ದ ಸೀಳುಗಳು. ಲೋಹದ ಮೂತಿ, ಕೂಲಂಟ್, ರಬ್ಬರ್ ಮೂರೂ ಸೇರಿ ಒಂದು ಸಣ್ಣ ಬ್ಯಾಟರಿಯಂತೆ ವರ್ತಿಸಿ ರಬ್ಬರನ್ನು ಒಳಗಿಂದಲೇ ತಿನ್ನುತ್ತವೆ. ಹಾಗಾಗಿ ಪೈಪನ್ನು ನಡುವೆ ಹಿಸುಕಿ ನೋಡಿದರೆ ಏನೂ ತಿಳಿಯದು. ಕ್ಲಿಪ್ಪಿನ ಪಕ್ಕದಲ್ಲಿ, ಇಂಜಿನ್ ತಣ್ಣಗಿರುವಾಗ, ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಬೇಕು. ಒಳಗೆ ಸೀಳು ಇದ್ದರೆ ಆ ಜಾಗ ನಡುವಿಗಿಂತ ಮೆತ್ತಗಿರುತ್ತದೆ.

ಅಪ್ಪಾಜಿ ಆ ಸೀಳುಗಳನ್ನು ಬಹಳ ಹೊತ್ತು ನೋಡಿದರು. "ನಾವು ಹೊರಗೆ ನೋಡಿ ಚೊಲೋ ಐತಿ ಅಂತ ಬಿಟ್ಟುಬಿಡ್ತಿದ್ವಿ. ಶಿರಾಡಿ ಘಾಟಿನಾಗೆ ಒಡೀತಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ, ತಂತಿ ಬಿಗಿದು ಮಂಗಳೂರು ಮುಟ್ಟಿಸ್ತಿದ್ರು ಡ್ರೈವರ್‌ಗಳು" ಅಂದರು. ಆಮೇಲೆ ಸ್ವಲ್ಪ ತಡೆದು, "ಹಾಕಿದ ಮ್ಯಾಲೆ ಮುಚ್ಚೋಕಿಂತ ಮೊದ್ಲು ನೀರು ತುಂಬಿ ನೋಡವ್ವ. ಮುಚ್ಚಿದ ಮ್ಯಾಲೆ ಸೋರಿದ್ರೆ ಕೈ ಸೋಲ್ತೈತಿ" ಅಂದರು.

ಎರಡನೆಯ ಶನಿವಾರ ಜೋಡಣೆ. ಹೆಡ್ಡಿನ ಮೂತಿಯ ಮೇಲೆ ಬಿಳಿ ಕಿಟ್ಟ ಕಟ್ಟಿ, ಅದರಡಿ ಅಲ್ಯೂಮಿನಿಯಂ ಅಲ್ಲಲ್ಲಿ ಕುಳಿ ಬಿದ್ದಿತ್ತು. ಪಾತ್ರೆ ಉಜ್ಜುವ ಹಸಿರು ನಾರಿನಂಥ ಪ್ಯಾಡ್‌ನಿಂದ ಉಜ್ಜಿ, ಉಗುರಿಗೆ ಏನೂ ತಡೆಯದಷ್ಟು ನಯಮಾಡಿದೆ. ಕುಳಿಗಳು ಆಳವಿರಲಿಲ್ಲ, ರಬ್ಬರ್ ಮುಚ್ಚಿಕೊಳ್ಳುವಷ್ಟೇ. ಹೊಸ ಪೈಪು ಸುಲಭಕ್ಕೆ ಏರಲೆಂದು ಗ್ರೀಸೋ ಎಣ್ಣೆಯೋ ಹಚ್ಚುವ ಆಸೆ ಯಾರಿಗಾದರೂ ಆಗುತ್ತದೆ. ಹಳೆಯ ಪೈಪಿಗೆ ಎಣ್ಣೆ ಏನು ಮಾಡಿತೆಂದು ಕಣ್ಣಾರೆ ಕಂಡಿದ್ದೆನಲ್ಲ, ಹೊಸ ಕೂಲಂಟನ್ನೇ ಒಳಬಾಯಿಗೆ ಸವರಿ ಏರಿಸಿದೆ. ವಾಲ್ವನ್ನೂ ಅದರ ಎರಡು ಪೈಪುಗಳನ್ನೂ ಮೊದಲು ಮೇಜಿನ ಮೇಲೆಯೇ ಜೋಡಿಸಿ ಒಟ್ಟಿಗೆ ಇಳಿಸಿದೆ. ಕ್ಲಿಪ್ಪುಗಳ ಸ್ಕ್ರೂ ಮುಖಗಳನ್ನು ಈ ಸಲ ಮೇಲಕ್ಕೆ, ಸ್ವಲ್ಪ ಎಡಕ್ಕೆ ತಿರುಗಿಸಿಟ್ಟೆ. ಮುಂದೆ ಯಾರಾದರೂ ಇದನ್ನು ಬಿಚ್ಚುವಾಗ, ಅದು ನಾನೇ ಇರಲಿ ಬೇರೆಯವರೇ ಇರಲಿ, ಉದ್ದದ ಸ್ಕ್ರೂ ಡ್ರೈವರ್ ಒಂದಿದ್ದರೆ ಸಾಕು.

ಬಾಕಿ ಪೈಪುಗಳು ಒಂದು ಗಂಟೆಯಲ್ಲಿ ಕೂತವು. ಎಣ್ಣೆ ಡಬ್ಬಕ್ಕೆ ಹೊಸ ಓ-ರಿಂಗ್, ಬೆರಳಲ್ಲಿ ಹಿಡಿದರೆ ಮುರಿಯುತ್ತಿದ್ದ ವ್ಯಾಕ್ಯೂಮ್ ಕೊಳವೆಗಳಿಗೆ ಹೊಸವು.

ಮ್ಯಾನಿಫೋಲ್ಡ್ ಇನ್ನೂ ಮೇಜಿನ ಮೇಲಿತ್ತು. ಈ ಇಂಜಿನ್ನಿನಲ್ಲಿ ಕೂಲಂಟ್ ಅದರ ಮೂಲಕ ಹರಿಯುವುದಿಲ್ಲ, ಹಾಗಾಗಿ ಅದಿಲ್ಲದೆಯೂ ನೀರು ತುಂಬಬಹುದು. ಡಿಸ್ಟಿಲ್ಡ್ ನೀರು ತುಂಬಿ, ಟೆಸ್ಟರ್ ಕೂರಿಸಿ ಒಂದು ಬಾರ್‌ಗೆ ಏರಿಸಿದೆ. ಐದು ನಿಮಿಷ ಮುಳ್ಳು ಅಲುಗಲಿಲ್ಲ. ಹತ್ತು ನಿಮಿಷಕ್ಕೆ ಕೂದಲೆಳೆಯಷ್ಟು ಇಳಿಯಿತು. ಕಣ್ಣಿನ ಭ್ರಮೆ ಇರಬಹುದು ಅಂತ ಮತ್ತೆ ಏರಿಸಿ, ಮುಳ್ಳಿನ ಜಾಗಕ್ಕೆ ಗುರುತು ಹಾಕಿ ಕಾದೆ. ಹೌದು, ಇಳಿಯುತ್ತಿತ್ತು. ಒಣಗಿದ ಟಿಶ್ಯೂ ಕಾಗದವನ್ನು ಪ್ರತಿ ಸಂದಿಗೂ ಒತ್ತಿ ನೋಡುತ್ತಾ ಹೋದೆ. ಹೆಡ್‌ನ ಹಿಂಬದಿಯದ್ದು ಒದ್ದೆಯಾಯಿತು. ನಾನು ಕಾಣದೆ ಬರೀ ಬೆರಳಿಂದ ಕೂರಿಸಿದ್ದ ತುದಿ ಅದು. ಮೂತಿಯ ಅಂಚಿನಲ್ಲಿ ಒಂದು ಸಣ್ಣ ಏಣು ಇರುತ್ತದೆ. ಪೈಪು ಅದನ್ನು ದಾಟಿ ಒಳಗೆ ಹೋಗಬೇಕು, ಕ್ಲಿಪ್ ಏಣಿನ ಆಚೆ ಬಿಗಿಯಬೇಕು. ನನ್ನ ಕ್ಲಿಪ್ ಏಣಿನ ಮೇಲೆಯೇ ಕೂತಿತ್ತು. ಸಡಿಲಿಸಿ, ಪೈಪನ್ನು ಇನ್ನೊಂದು ಅರ್ಧ ಇಂಚು ನೂಕಿ, ಕ್ಲಿಪ್ ಸರಿಸಿ ಬಿಗಿದೆ. ಸ್ಕ್ರೂ ಮೇಲ್ಮುಖವಾಗಿದ್ದರಿಂದ ನಾಲ್ಕೇ ನಿಮಿಷದ ಕೆಲಸವಾಯಿತು. ಮತ್ತೆ ಒತ್ತಡ ಏರಿಸಿ ಊಟಕ್ಕೆ ಹೋದೆ. ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಮುಳ್ಳು ಗುರುತಿನ ಮೇಲೆಯೇ ನಿಂತಿತ್ತು. ಅಪ್ಪಾಜಿಗೆ ಆ ಮೀಟರಿನ ಫೋಟೋ ಕಳಿಸಿದೆ. ಉತ್ತರಕ್ಕೆ ಬಂದದ್ದು "ಈಗ ಮುಚ್ಚು" ಎಂಬ ಎರಡೇ ಪದ.

ಮುಚ್ಚಿದೆ. ಹೊಸ ಪ್ಯಾಕಿಂಗ್ ಇಟ್ಟು, ಬಟ್ಟೆಗಳನ್ನು ಎಣಿಸಿ ಹೊರತೆಗೆದು, ಮ್ಯಾನಿಫೋಲ್ಡ್ ಇಳಿಸಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿದೆ. ೧೪ರಿಂದ ೧ರವರೆಗೆ ಹಿಮ್ಮುಖವಾಗಿ ಟೇಪು ಬಿಡಿಸುತ್ತಾ ಬಂದೆ. ನೀರು ಇಳಿಸಿದೆ. ಬ್ಲಾಕಿನೊಳಗೆ ಒಂದಿಷ್ಟು ನೀರು ಉಳಿದಿರುವುದರಿಂದ ಫಾಸ್ಫೇಟ್ ಇಲ್ಲದ ಗ್ಲೈಕಾಲನ್ನು ಬೆರೆಸದೆ ಹಾಗೇ ನಾಲ್ಕು ಲೀಟರ್ ಹಾಕಿ, ಮೇಲೆ ನೀರು ತುಂಬಿದೆ. ಎಂಟರಲ್ಲಿ ಅರ್ಧಕ್ಕೆ ಅರ್ಧದ ಲೆಕ್ಕ ಹೆಚ್ಚುಕಡಿಮೆ ಸರಿಹೋಗುವುದು ಹಾಗೆ. ಗಾಳಿ ಕಳೆಯಲು ಕಾರಿನ ಮೂತಿಯನ್ನು ಎತ್ತರಕ್ಕೆ ಏರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಹೆಡ್‌ನ ಮುಂದಿನ ನೀರಿನ ಮೂತಿಯ ಮೇಲಿರುವ ಬ್ಲೀಡ್ ಸ್ಕ್ರೂ ಸಡಿಲಿಸಿದೆ. ಮೊದಲು ಸುಯ್ಯನೆ ಗಾಳಿ, ಆಮೇಲೆ ಗುಳ್ಳೆಗಳ ಜೊತೆ ನೊರೆ, ಕೊನೆಗೆ ಒಂದೇ ಸಮನೆ ಧಾರೆ. ಧಾರೆ ಬಂದ ಮೇಲೆಯೇ ಸ್ಕ್ರೂ ಮುಚ್ಚಬೇಕು. ಹೆಡ್ಡಿನೊಳಗೆ ಗಾಳಿಯ ಗುಳ್ಳೆ ಉಳಿದರೆ ಆ ಜಾಗಕ್ಕೆ ನೀರು ತಾಗುವುದಿಲ್ಲ, ಸೆನ್ಸರ್ ಗಾಳಿಯಲ್ಲಿದ್ದರೆ ಮುಳ್ಳು ನಿಜ ಹೇಳುವುದೂ ಇಲ್ಲ.

ಸ್ಟಾರ್ಟ್ ಮಾಡುವ ಮೊದಲು ಎರಡು ಸಲ ಬರೀ ಕ್ರ್ಯಾಂಕ್ ಮಾಡಿ ಇಳಿದು, ಪೆಟ್ರೋಲಿನ ಪ್ರತಿ ಜಾಯಿಂಟನ್ನೂ ಮುಟ್ಟಿ ಮೂಸಿ ನೋಡಿದೆ. ಮೂರನೆಯ ಸಲಕ್ಕೆ ಇಂಜಿನ್ ಹಿಡಿಯಿತು. ಈ ಇಂಜಿನ್ನಿನಲ್ಲಿ ನಡುಕ ಅಡಗಿಸಲು ಎರಡು ಬ್ಯಾಲೆನ್ಸ್ ಶಾಫ್ಟುಗಳಿವೆ, ಮಿತ್ಸುಬಿಷಿಯಿಂದ ಪರವಾನಗಿ ಪಡೆದ ತಂತ್ರ. ನಾಲ್ಕೇ ಸಿಲಿಂಡರಿದ್ದರೂ ಐಡಲ್‌ನಲ್ಲಿ ಹೆಚ್ಚು ಕದಲುವುದಿಲ್ಲ. ಹಳೆಯ ವ್ಯಾಕ್ಯೂಮ್ ಕೊಳವೆಗಳಿದ್ದಾಗ ಸ್ವಲ್ಪ ಏರಿಳಿಯುತ್ತಿದ್ದ ಐಡಲ್ ಈಗ ಒಂದೇ ಕಡೆ ನಿಂತಿತು. ಹನ್ನೆರಡು ನಿಮಿಷಕ್ಕೆ ಥರ್ಮೋಸ್ಟಾಟ್ ತೆರೆದು ರೇಡಿಯೇಟರಿನ ಮೇಲಿನ ಪೈಪು ಬಿಸಿಯಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಮುಂದಿನ ಫ್ಯಾನುಗಳು ತಿರುಗಿ, ಮುಳ್ಳು ಇಳಿದು, ಫ್ಯಾನುಗಳು ನಿಂತವು. ಮಾಲೀಕರು ಬಂದು, ಟಾರ್ಚು ಹಿಡಿದು, ಇಂಜಿನ್ನಿನ ಹಿಂದೆ ತಾವೇ ಬಗ್ಗಿ ನೋಡಿದರು. ಏನೂ ಹೇಳದೆ ಬಾನೆಟ್ ಮೇಲೆ ಎರಡು ಸಲ ತಟ್ಟಿ ಹೋದರು.

ಆ ಸಂಜೆ ಕಾರನ್ನು ಲೋವನ್‌ಸ್ಟೈನ್ ಬೆಟ್ಟದ ಏರಿಗೆ ಒಯ್ದೆ. ಏರಿನಲ್ಲೇ ಇಂಜಿನ್ನಿಗೆ ಹೆಚ್ಚು ಶಾಖ, ನೀರಿಗೆ ಹೆಚ್ಚು ಒತ್ತಡ. ದ್ರಾಕ್ಷಿ ಕೊಯ್ಲು ಶುರುವಾಗಿ ರಸ್ತೆಯಲ್ಲಿ ಟ್ರ್ಯಾಕ್ಟರುಗಳಿದ್ದವು. ಅವುಗಳ ಹಿಂದೆ ಎರಡನೇ ಗೇರಿನಲ್ಲಿ ನಿಧಾನಕ್ಕೆ ಏರಬೇಕಾಯಿತು. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇರಲಿಲ್ಲ. ಹೀಟರ್ ಹಾಕಿ, ಕಿಟಕಿ ಮುಚ್ಚಿ, ಮೂಗು ತೆರೆದುಕೊಂಡು ಕೂತೆ. ಕಾದ ಧೂಳಿನ ವಾಸನೆ ಬಂತು, ಚಕ್ರದಡಿ ಜಜ್ಜಿದ ದ್ರಾಕ್ಷಿಯ ಹುಳಿ ವಾಸನೆ ಬಂತು. ಪಾಕದ ವಾಸನೆ ಬರಲಿಲ್ಲ.

ಇದೆಲ್ಲ ಆಗಿ ಆರು ವಾರವಾಯಿತು. ಪ್ರತಿ ಶನಿವಾರ ಇಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬ ನೋಡುತ್ತೇನೆ. ಮೊದಲ ವಾರ, ಎಲ್ಲೋ ಉಳಿದಿದ್ದ ಗಾಳಿ ಹೊರಬಂದು ಕಿರುಬೆರಳ ಅಗಲದಷ್ಟು ಇಳಿದಿತ್ತು, ತುಂಬಿದೆ. ಆಮೇಲಿಂದ ಟೇಪಿನ ಗುರುತು ಬಿಟ್ಟು ಕದಲಿಲ್ಲ. ಕಾರಿನಡಿಯ ಟ್ರೇ ಇನ್ನೂ ಅಲ್ಲೇ ಇದೆ, ಬೆಕ್ಕುಗಳ ಸಲುವಾಗಿ. ರೇಡಿಯೇಟರಿನ ಎರಡು ದೊಡ್ಡ ಪೈಪುಗಳನ್ನು ಈ ಸಲ ಮುಟ್ಟಲಿಲ್ಲ. ಅವು ಮುಂದೆಯೇ ಇವೆ, ಕೈಗೆ ಸಿಗುತ್ತವೆ. ವಾಟರ್ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟೇ ಆದ್ದರಿಂದ ವಸಂತದಲ್ಲಿ ಬೆಲ್ಟ್ ಬದಲಿಸುವಾಗ ಪಂಪಿನ ಜೊತೆ ಅವೂ ಬದಲಾಗುತ್ತವೆ. ಸೀಳಿದ ಹಳೆಯ ಪೈಪುಗಳನ್ನು ತೊಳೆದು ಒಣಗಿಸಿ ಸೂಟ್‌ಕೇಸಿನಲ್ಲಿ ಇಟ್ಟಿದ್ದೇನೆ. ಡಿಸೆಂಬರ್‌ನಲ್ಲಿ ದಾವಣಗೆರೆಗೆ ಬರುವಾಗ ತಂದುಕೊಡು, ಆ ಒಳಮೈ ಸೀಳನ್ನು ಕೈಯಲ್ಲಿ ಮುಟ್ಟಿ ನೋಡ್ಬೇಕು ಅಂದಿದ್ದಾರೆ ಅಪ್ಪಾಜಿ.